ಗುದ್ಲೆಪ್ಪನ ಫರಸಿ ಅಂಗಳ

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಒಂದು ಬುಟ್ಟಿ ಸಗಣಿ. ಅದು ಬಿದ್ದದ್ದರಿಂದ ಅಲ್ಲ, ಬೀಳದೇ ಇದ್ದದ್ದರಿಂದ.

ತಿಳವಳ್ಳಿಯ ಗುದ್ಲೆಪ್ಪನ ಹೆಂಡತಿ ವೀರವ್ವ ದಿನದಂತೆ ನಸುಕಿನಲ್ಲೆದ್ದು, ಒಂದು ಕೈಯಲ್ಲಿ ಸಗಣಿಬುಟ್ಟಿ, ಇನ್ನೊಂದು ಕೈಯಲ್ಲಿ ನೀರಿನ ಕೊಡ ಹಿಡಿದು ತಲೆಬಾಗಿಲಿಗೆ ಬಂದಳು. ಬಾಗಿಲಿಗೆ ಅಡ್ಡಲಾಗಿ ಮೆಟ್ಟಿಲ ಮೇಲೆ ಗಂಡ ಕುಳಿತಿದ್ದ. ಮೈಮೇಲೆ ಕಂಬಳಿ, ಗದ್ದದ ಕೆಳಗೆ ಕೈ, ಕಣ್ಣು ಅಂಗಳದ ಮೇಲೆ. ಹೊಸದಾಗಿ ಈದ ಎಮ್ಮೆಯನ್ನು ನೋಡುವ ಹಾಗೆ ಅಂಗಳವನ್ನೇ ನೋಡುತ್ತಿದ್ದ.

"ತುಸು ಸರೀರಿ, ಸಾರಸಬೇಕು," ಎಂದಳು ವೀರವ್ವ.

"ಹಿಂದಕ್ಕ ಹೋಗು! ಒಂದ ಹನಿ ಶಗಣಿ ಈ ಕಲ್ಲಿನ ಮ್ಯಾಲ ಬಿತ್ತಂದ್ರ ನೋಡು."

"ಅಂಗಳ ಸಾರಸೂದು ಬ್ಯಾಡೇನು?"

"ಬ್ಯಾಡ. ರಂಗೋಲಿನೂ ಬ್ಯಾಡ. ಬೀಗರು ಬಂದು ಕಣ್ಣತುಂಬ ನೋಡೂತನಕ ಇದು ಹಿಂಗ ಇರಬೇಕು."

"ಏನ್ರಿ, ಸಾರಸದ ಮನಿ ಮುಂದ ನಿಂತು ಮಂದಿ ಏನಂತಾರ ಗೊತ್ತೈತಿಲ್ಲ ನಿಮಗ?"

"ಸಾವಕಾರ ಮನಿ ಅಂತಾರ. ಮಣ್ಣಿನ ಅಂಗಳಕ್ಕ ಶಗಣಿ ಬೇಕು, ಫರಸಿಗೆ ಯಾಕ ಬೇಕು? ಹಾನಗಲ್ಲ ಮಾಮಲೇದಾರ ಕಚೇರಿ ಮುಂದ ಯಾರರ ಶಗಣಿ ಬಳೀತಾರೇನು?"

"ಕಚೇರ್ಯಾಗ ಯಾರೂ ಸಂಸಾರ ಮಾಡೂದಿಲ್ಲ," ಎಂದು ಗೊಣಗುತ್ತ ವೀರವ್ವ ಬುಟ್ಟಿಯನ್ನು ಒಳಗೆ ಒಯ್ದಳು. ಗಂಡನಿಗೆ ಹುಚ್ಚು ಹಿಡಿದಾಗ ಎದುರಾಡಬಾರದು, ಅದು ತಾನಾಗಿ ಇಳಿಯುವವರೆಗೆ ಬುಟ್ಟಿಯನ್ನು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಬೇಕು ಎಂಬುದು ಅವಳು ಇಷ್ಟು ವರ್ಷದ ಸಂಸಾರದಲ್ಲಿ ಕಲಿತ ಪಾಠ.

ಈ ಫರಸಿಯ, ಅಂದರೆ ಹಾಸುಗಲ್ಲಿನ, ಹುಚ್ಚು ಗುದ್ಲೆಪ್ಪನಿಗೆ ಹಿಡಿದದ್ದು ಆ ಕಚೇರಿಯ ಅಂಗಳದಲ್ಲೇ. ಯಾವುದೋ ಹೊಲದ ಕೆಲಸಕ್ಕೆ ಹಾನಗಲ್ಲಿಗೆ ಹೋದವನು ಕಚೇರಿಯ ಮುಂದೆ ಹಾಸಿದ ಕಲ್ಲಿನ ಮೇಲೆ ನಿಂತ. ಮಳೆ ಬಂದು ನಿಂತಿತ್ತು, ಆದರೂ ಕಾಲಿಗೆ ಒಂದು ಚೂರು ಕೆಸರಿಲ್ಲ. ಹೋದ ಕೆಲಸ ಮರೆತು ಸಂಜೆಯವರೆಗೆ ಆ ಕಲ್ಲನ್ನು ಸುತ್ತುಹಾಕಿ ನೋಡಿ ಬಂದ. ಅಷ್ಟರಲ್ಲಿ ಮಗಳು ಮಾದೇವಿಗೆ ರಟ್ಟೀಹಳ್ಳಿಯ ಮಹಾಲಿಂಗಪ್ಪನ ಮನೆಯಿಂದ ಮಾತು ಬಂತು. ಹುಡುಗಿಯನ್ನು ಅವರು ಯಾರದೋ ಮದುವೆಯಲ್ಲಿ ನೋಡಿ ಒಪ್ಪಿಯಾಗಿತ್ತು. ಉಳಿದದ್ದು ಮನೆ ನೋಡುವ ಶಾಸ್ತ್ರ. ಆದರೆ ಮಹಾಲಿಂಗಪ್ಪ ಸಾಮಾನ್ಯದ ಮನುಷ್ಯನಲ್ಲ. ಒಂದು ಮನೆಯ ತಲೆಬಾಗಿಲು ಗಿಡ್ಡವಾಯಿತೆಂದು, ಇನ್ನೊಂದು ಮನೆಯ ಬಾವಿನೀರು ಸಪ್ಪೆಯಾಯಿತೆಂದು ಎಲೆ ಅಡಿಕೆ ಮುಟ್ಟದೆ ಎದ್ದು ಬಂದ ಆಸಾಮಿ. ಅವನು ಒಪ್ಪಿದರೆ ಮಾದೇವಿಗೆ ತುಂಬಿದ ಮನೆ, ಎದ್ದುಹೋದರೆ ಊರೆಲ್ಲ ಮಾತು.

"ಅಂಗಳ ನೋಡೇ ಅಂವ ಹೂಂ ಅನ್ನಬೇಕು," ಎಂದು ಗುದ್ಲೆಪ್ಪ ಚಿಕ್ಕೇರೂರ ಗುಡ್ಡದ ಕಲ್ಲಿನ ಖಣಿಗೆ ಹೊರಟ. ಜೊತೆಗೆ ಕಲ್ಲುಕೆಲಸದ ಗೌಂಡಿ ಕುತುಬುದ್ದೀನ.

ಕಲ್ಲು ಆರಿಸಿದ್ದು ಒಂದು ಕತೆ. ಪ್ರತಿಯೊಂದು ಕಲ್ಲನ್ನೂ ಗುದ್ಲೆಪ್ಪ ಸುತ್ತಿಗೆಯಿಂದ ಬಡಿದು, ಕಿವಿ ಹಚ್ಚಿ ಕೇಳಿದ. ಗಂಟೆಯ ಹಾಗೆ ಠಣ್ ಎಂದದ್ದು ಗಟ್ಟಿ, ಡಬ್ ಎಂದದ್ದರಲ್ಲಿ ಒಳಗೆ ಬಿರುಕು. ಆಮೇಲೆ ನೀರು ಸುರಿದು ನೋಡಿದ. ನೀರು ಕುಡಿಯುವ ಕಲ್ಲು ಮಳೆಗಾಲಕ್ಕೆ ಪಾಚಿ ಕಟ್ಟುತ್ತದೆ, ಅದು ಬೇಡ. ಕರಿಕಲ್ಲು ಕಣ್ಣಿಗೆ ಚಂದ, ಆದರೆ ಮಟಮಟ ಮಧ್ಯಾಹ್ನ ಅದರ ಮೇಲೆ ಬರಿಗಾಲಿಟ್ಟು ನೋಡಿ, ಇಟ್ಟದ್ದಕ್ಕಿಂತ ಬೇಗ ತೆಗೆದ. ಬೂದಿಬಣ್ಣದ ಕಲ್ಲು ಅದೇ ಬಿಸಿಲಿನಲ್ಲಿ ತಣ್ಣಗಿತ್ತು. ನುಣುಪಾದ ಕಲ್ಲಿನ ಮೇಲೆ ನೀರು ಚೆಲ್ಲಿ ನಡೆದು ನೋಡಿ, ಸೊಂಟ ಉಳುಕಿಸಿಕೊಂಡು, ತುಸು ಒರಟು ಕೆತ್ತಿದ ಕಲ್ಲೇ ದನಕರುವಿಗೂ ಬೀಗರಿಗೂ ಸುರಕ್ಷಿತ ಎಂದು ತೀರ್ಮಾನಿಸಿದ.

"ಸಾವಕಾರ್ರ, ನನ್ನ ಲಗ್ನದಾಗ ನಾ ಹೆಣ್ಣನೂ ಇಷ್ಟ ನೋಡಿದ್ದಿಲ್ರಿ," ಎಂದ ಕುತುಬುದ್ದೀನ.

"ಅದಕ್ಕ ನಿನ್ನ ಮನ್ಯಾಗ ದಿನಾ ಜಗಳ," ಎಂದ ಗುದ್ಲೆಪ್ಪ, ಇನ್ನೊಂದು ಕಲ್ಲಿಗೆ ಕಿವಿ ಹಚ್ಚುತ್ತ.

ಕೆಳಗೆ ಮರಳು ಹಾಸಿ, ನೀರು ಓಣಿಯ ಕಡೆಗೆ ಇಳಿಯುವಷ್ಟೇ ಓರೆ ಕೊಟ್ಟು, ಕಲ್ಲಿಗೆ ಕಲ್ಲು ಕೂಡಿಸಿ, ಕಡೆಯ ಕಲ್ಲು ನಿನ್ನೆ ಸಂಜೆ ಕುಳಿತಿತ್ತು. ಬೀಗರು ಬರುವುದು ಇವತ್ತೇ. ಈಗ ಸೂರ್ಯ ಏರಿ ಬಂದ ಹಾಗೆ ಇಡೀ ಅಂಗಳ ಪಾರಿವಾಳದ ರೆಕ್ಕೆಯ ಬಣ್ಣಕ್ಕೆ ತಿರುಗಿತು. ಗುದ್ಲೆಪ್ಪನ ಎದೆ ತುಂಬಿ ಬಂತು. ನೋಡಲು ಯಾರಾದರೂ ಬರಬಾರದೇ ಎಂದು ಓಣಿಯ ಕಡೆ ಕಣ್ಣು ಹಾಯಿಸಿದ.

ಎದುರು ಮನೆಯ ಪರಮೇಶಪ್ಪ ಬೇವಿನ ಕಡ್ಡಿ ಜಗಿಯುತ್ತ ಹೊರಗೆ ಬಂದ. ಊರಿನ ಯಾವ ಕೆಲಸವೂ ಪರಮೇಶಪ್ಪನ ಕೈ ತಪ್ಪಿ ನಡೆದದ್ದಿಲ್ಲ. ತೊಟ್ಟಿಲಿಗೆ ಹಗ್ಗ ಕಟ್ಟುವುದರಿಂದ ಹಿಡಿದು ಸ್ಮಶಾನಕ್ಕೆ ದಾರಿ ಮಾಡುವವರೆಗೆ ಎಲ್ಲದಕ್ಕೂ ಅವನೇ ಮುಂದೆ. ಯಾರನ್ನೂ ಏನೂ ಕೇಳುವ ಪದ್ಧತಿ ಮಾತ್ರ ಅವನಿಗಿರಲಿಲ್ಲ. ಅವನು ಗುದ್ಲೆಪ್ಪನ ಅಂಗಳ ನೋಡಿದ, ಗುದ್ಲೆಪ್ಪನನ್ನು ನೋಡಿದ, ಗುದ್ಲೆಪ್ಪನ ಪಕ್ಕದಲ್ಲಿ ಬರಿದಾಗಿದ್ದ ಮೆಟ್ಟಿಲು ನೋಡಿದ. ಬಾಯೊಳಗಿನ ಕಡ್ಡಿ ಕೆಳಗೆ ಬಿತ್ತು. ಎರಡೂ ಕೈ ಮುಗಿದು, ಒಂದು ಮಾತೂ ಆಡದೆ ಮನೆಯೊಳಗೆ ಓಡಿದ.

'ಹೊಟ್ಟಿಗಿಚ್ಚಿಗೆ ಮಾತ ಹೊಂಡಲಿಲ್ಲ ನೋಡು,' ಎಂದುಕೊಂಡ ಗುದ್ಲೆಪ್ಪ. ಮನಸ್ಸಿಗೆ ಬಹಳ ಹಿತವಾಯಿತು.

ಸ್ವಲ್ಪ ಹೊತ್ತಿಗೆ ಓಣಿಯವರು ಒಬ್ಬೊಬ್ಬರಾಗಿ ಬರತೊಡಗಿದರು. ಎಂದೂ ಕೂಗಿಕೊಂಡೇ ನಡೆಯುವ ಗುಡ್ಡಪ್ಪ ಕೂಡ ದನಿ ಇಳಿಸಿ ಬಂದ. ಎಲ್ಲರೂ ಅಂಗಳದ ಅಂಚಿಗೆ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ನೆಲ ನೋಡುತ್ತ ನಿಂತರು. ಕಲ್ಲಿಗೆ ಎಷ್ಟು ಮರ್ಯಾದೆ! ಚಪ್ಪಲಿ ಬಿಡಿರಿ ಎಂದು ತಾನು ಹೇಳಬೇಕೆಂದಿದ್ದ, ಹೇಳುವ ಪ್ರಸಂಗವೇ ಬರಲಿಲ್ಲ. ಅಷ್ಟರಲ್ಲಿ ಪರಮೇಶಪ್ಪನ ಆಳು ಎರಡು ಬಾಳೆಗಿಡ, ಒಂದಿಷ್ಟು ಬಿದಿರು ತಂದು ಗೋಡೆಗೆ ಆನಿಸಿ ಹೋದ. ಬೀಗರು ಬರುತ್ತಾರೆಂದು ಬಾಗಿಲು ಸಿಂಗರಿಸಲು ಕಳಿಸಿದ್ದಾನೆ! ಅವನ ಹಿಂದೆಯೇ ಭಜನೆಯವರು ತಾಳ ಹಿಡಿದು ಬಂದು ಸಾಲಾಗಿ ನಿಂತರು. ಗುದ್ಲೆಪ್ಪನ ಕಣ್ಣಲ್ಲಿ ನೀರೇ ಬಂತು. ಇಷ್ಟು ವರ್ಷ ಈ ಓಣಿಯವರನ್ನು ತಾನು ತಪ್ಪು ತಿಳಿದುಕೊಂಡಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಅವನ ಕಣ್ಣೀರು ನೋಡಿದ್ದೇ ತಡ, ಫಕ್ಕೀರವ್ವ ಸೆರಗು ಬಾಯಿಗೆ ಹಚ್ಚಿಕೊಂಡು ನಟ್ಟ ನಡು ಅಂಗಳದಲ್ಲಿ ಕುಳಿತೇಬಿಟ್ಟಳು. ಸುತ್ತ ನಾಲ್ಕು ಊರಿನಲ್ಲಿ ಫಕ್ಕೀರವ್ವನಷ್ಟು ಚಂದ ಹಾಡಿಕೊಂಡು ಅಳುವವರು ಇನ್ನೊಬ್ಬರಿರಲಿಲ್ಲ.

"ಹೋದ್ಯಾ ನಮ್ಮವ್ವಾ... ತುಂಬಿದ ಮನಿ ಬಿಟ್ಟು ಹೋದ್ಯಾ... ಮೊಮ್ಮಗಳ ಲಗ್ನದ ಅಕ್ಕಿಕಾಳ ನೋಡದ ಹೋದ್ಯಾ ಯವ್ವಾ..."

ಹೆಂಗಸರೆಲ್ಲ ಅವಳ ಸುತ್ತ ಕುಳಿತು ದನಿ ಕೂಡಿಸಿದರು. ತಾಳ ಶುರುವಾಯಿತು. ಗುದ್ಲೆಪ್ಪ ಕಂಬಳಿ ಕೊಡವಿ ಎದ್ದು ನಿಂತ.

"ಏ ಫಕ್ಕೀರವ್ವಾ, ಏನಾತು? ಕಲ್ಲ ನೋಡಿ ಅಳೂದು ಏನೈತಿ?"

"ಎದಿಗಟ್ಟಿ ಮಾಡ್ಕೋಪಾ ತಮ್ಮಾ," ಎಂದು ಪರಮೇಶಪ್ಪ ಅವನ ಹೆಗಲು ಹಿಡಿದು ಕೂಡಿಸಿದ. "ಮಾತಾಡಬ್ಯಾಡ. ಎಲ್ಲಾ ವ್ಯವಸ್ಥಾ ನಾ ಮಾಡೇನಿ. ನಿನಗ ಒಂದ ಕೆಲಸಾ ಇಲ್ಲ."

ಸರಿಯಾಗಿ ಅದೇ ಹೊತ್ತಿಗೆ ಗುದ್ಲೆಪ್ಪನ ತಾಯಿ ಕರೆವ್ವ ಹಳ್ಳದಿಂದ ಬಂದಳು. ಬೀಗರಿಗೆ ಹಾಸಲು ಕೌದಿ ಒಗೆಯಬೇಕೆಂದು ಯಾರೂ ಏಳುವ ಮೊದಲೇ ಹೋಗಿದ್ದಳು. ಕಣ್ಣು ಮಂಜು, ಕಾಲು ಮಾತ್ರ ಗಟ್ಟಿ. ಮನೆಯ ಮುಂದೆ ಅಳುವಿನ ದನಿ ಕೇಳಿ, ತಲೆಯ ಮೇಲಿನ ಕೌದಿಯ ಗಂಟು ಕೆಳಗಿಳಿಸಿ, ಯಾರು ಏನು ಎಂದು ಕೇಳದೆ ಹೆಂಗಸರ ಹಿಂದೆ ಕುಳಿತು ತಾನೂ ಎದೆ ಬಡಿದುಕೊಂಡಳು. ಸತ್ತವರಿಗೆ ಅಳುವುದು ಮೊದಲು, ವಿಚಾರಣೆ ಆಮೇಲೆ ಎಂಬುದು ಹಳೆಯ ಕಾಲದವರ ರಿವಾಜು.

ಫಕ್ಕೀರವ್ವ ಮುಂದಿನ ನುಡಿ ಎತ್ತಿಕೊಂಡಳು. "ಬಾಗಿಲಿಗೆ ಬಂದವರಿಗೆ ತಂಬಿಗಿ ತುಂಬ ಮಜ್ಜಿಗಿ ನೀಡ್ತಿದ್ಯಲ್ಲವ್ವಾ, ನಮ್ಮ ಕರೆವ್ವಾ..."

ಕರೆವ್ವನ ಅಳು ಗಕ್ಕನೆ ನಿಂತಿತು.

"ಯಾವ ಕರೆವ್ವ?"

"ಗುದ್ಲೆಪ್ಪನ ಅವ್ವ, ಕರೆವ್ವ," ಎಂದಳು ಪಕ್ಕದವಳು ಸೆರಗಿನೊಳಗಿಂದ.

"ಬರೇ ಸುಳ್ಳ! ನಾ ಯಾವಾಗ ಈಕಿಗೆ ತಂಬಿಗಿ ತುಂಬ ಮಜ್ಜಿಗಿ ನೀಡೇನಿ? ಅರ್ಧಾ ತಂಬಿಗಿ ಮ್ಯಾಲ ನೀಡಿದ್ರ ಕೇಳು!"

ಹೆಂಗಸರು ತಿರುಗಿ ನೋಡಿದರು. ಒಬ್ಬಳು ಕಿಟಾರನೆ ಕಿರುಚಿದಳು. ತಾಳದವನ ಕೈಯಿಂದ ತಾಳ ಕಲ್ಲಿನ ಮೇಲೆ ಬಿದ್ದು ಠಣ್ ಎಂದಿತು. ಆ ಗಡಿಬಿಡಿಯಲ್ಲೂ ಗುದ್ಲೆಪ್ಪನಿಗೆ ಆ ದನಿ ಕೇಳಿ ಒಂದು ಗಳಿಗೆ ಸಮಾಧಾನವಾಯಿತು. ಬಿರುಕಿಲ್ಲ.

"ಅಯ್ಯ, ಮುದುಕಿ ಜೀವಂತ ಅದಾಳಲ್ಲೋ!" ಎಂದ ಪರಮೇಶಪ್ಪ. ದನಿಯಲ್ಲಿ ಸಂತೋಷಕ್ಕಿಂತ ತಕರಾರು ಹೆಚ್ಚಿತ್ತು.

"ಮತ್ತ? ಮನ್ಯಾಗ ಲಗ್ನದ ಮಾತ ನಡದಾವು, ನನಗ ಸಾಯಾಕ ಪುರಸೊತ್ತ ಎಲ್ಲೈತೋ?" ಎಂದು ಕರೆವ್ವ ಎದ್ದು ನಿಂತಳು. "ಯಾವಾಂವ ಹೇಳಿದ್ದು ನಿಮಗ?"

"ಯಾರ ಹೇಳಬೇಕವ್ವಾ? ಅಂಗಳ ಹೇಳತೈತಿ! ಹೊತ್ತ ಏರಿದ್ರೂ ಸಾರಸಿಲ್ಲ, ಒಂದ ಎಳಿ ರಂಗೋಲಿ ಇಲ್ಲ. ಮಗ ಕಂಬಳಿ ಹೊತ್ತು ಗದ್ದಕ್ಕ ಕೈ ಕೊಟ್ಟು ಕುಂತಾನ. ದಿನಾ ಮೆಟ್ಟಿಲ ಮ್ಯಾಲ ಕುಂದ್ರೂ ನೀ ಇಲ್ಲ. ಸತ್ತ ಮನಿ ಅಲ್ಲದ ಯಾವ ಮನಿ ಹಿಂಗ ಇರತೈತಿ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇನು?"

ಕರೆವ್ವ ಮಗನ ಕಡೆ ತಿರುಗಿದಳು. ಅವಳ ಕಣ್ಣು ಮಂಜಾಗಿದ್ದರೂ ನೋಟ ನೆಟ್ಟಗೆ ತಾಗುತ್ತಿತ್ತು.

"ಕಲ್ಲ ಕಾಣಲಿ ಅಂತ ಸಾರಸೂದು ಬ್ಯಾಡ ಅಂದಿದ್ದೆವ್ವಾ..." ಎಂದ ಗುದ್ಲೆಪ್ಪ.

"ನಿನ್ನ ಕಲ್ಲಿನ ಸಲವಾಗಿ ನನ್ನ ಕುಣಿಗೆ ಕಳಸಾಕತ್ತಿದ್ಯೇನೋ, ಮೂಳ!"

ಓಣಿಯವರೆಲ್ಲ ಈಗ ಕಲ್ಲನ್ನು ಮೊದಲ ಸಲ ನೋಡಿದರು. "ಅಡ್ಡಿ ಇಲ್ಲ," ಎಂದ ಗುಡ್ಡಪ್ಪ. ಅಷ್ಟೇ. ತಾನು ಇಷ್ಟು ದಿನ ಕಾದ ಹೊಗಳಿಕೆ ಇದೇ ಏನು ಎಂದು ಗುದ್ಲೆಪ್ಪ ಯೋಚಿಸುತ್ತಿರುವಾಗ ಪರಮೇಶಪ್ಪ ಹಣೆ ಹಣೆ ಬಡಿದುಕೊಂಡ.

"ಏ ಗುದ್ಲೆಪ್ಪಾ, ಘಾತ ಆತಲ್ಲೋ. ನಿನ್ನ ಬೀಗರು ಸಾವಿನ ಮನಿಗೆ ಬಂದು ಮುಜುಗರ ಪಡೂದು ಬ್ಯಾಡಂತ, ದಾರ್ಯಾಗ ತರುಬಿ ವಾಪಸ್ ಕಳಸು ಅಂತ ನಮ್ಮ ಆಳಿಗೆ ಹೇಳಿ ಕಳಸೇನಿ. ಅಂವ ಹೋಗಿ ಭಾಳ ಹೊತ್ತಾತು."

ಗುದ್ಲೆಪ್ಪ ಓಡಿದ. ಒಂದು ಕೈಯಲ್ಲಿ ಧೋತರದ ಕಚ್ಚೆ, ಇನ್ನೊಂದು ಕೈಯಲ್ಲಿ ಬಿಚ್ಚಿದ ರುಮಾಲು. ಉಳುಕಿದ ಸೊಂಟ ಚುಳುಕ್ ಚುಳುಕ್ ಎನ್ನುತ್ತಿತ್ತು. ಹಾನಗಲ್ಲಿನ ಮೋಟಾರು ಎದುರಿಗೆ ಬಂದು ಅವನ ಮೇಲೆ ಒಂದು ರಾಶಿ ಧೂಳು ಸುರಿದು ಹೋಯಿತು. ಕೆರೆಯ ಏರಿಯ ಮೇಲೆ ಮಹಾಲಿಂಗಪ್ಪನ ಕೊಲ್ಲಾರಿ ಬಂಡಿ ಕಂಡಿತು. ಎತ್ತುಗಳ ಮುಖ ರಟ್ಟೀಹಳ್ಳಿಯ ಕಡೆಗಿತ್ತು. ಗುದ್ಲೆಪ್ಪ ಹಾರಿ ಹೋಗಿ ನೊಗ ಹಿಡಿದು ಜೋತುಬಿದ್ದ.

ಮೈಯೆಲ್ಲ ಮಣ್ಣು, ಬಿಚ್ಚಿದ ರುಮಾಲು, ಧೂಳಿಗೆ ನೀರಾಡುವ ಕಣ್ಣು. ಬಂಡಿಯೊಳಗಿಂದ ಇಣುಕಿದ ಮಹಾಲಿಂಗಪ್ಪನಿಗೆ ಸಂಶಯವೇ ಉಳಿಯಲಿಲ್ಲ.

"ಅಳಬ್ಯಾಡ್ರಿ ಗುದ್ಲೆಪ್ಪನವರ. ಹೋದವರು ಪುಣ್ಯವಂತರು. ವರ್ಷ ತುಂಬಿದ ಮ್ಯಾಲ ಮತ್ತ ನೋಡೋಣ್ರಿ."

"ಹೋಗಿಲ್ರಿ! ನಮ್ಮವ್ವ ಅಂಗಳದಾಗ ನಿಂತು ಊರ ಮಂದೀನ್ನೆಲ್ಲಾ ಬೈಯಾಕತ್ತಾಳ್ರಿ!"

ಮಹಾಲಿಂಗಪ್ಪ ಮೀಸೆಯ ಮೇಲೆ ಬೆರಳಾಡಿಸಿದ. "ಹಂಗಾದ್ರ ಈ ಆಳ ಯಾಕ ಹಂಗ ಹೇಳಿದಾ? ಅಂಗಳ ಸಾರಸಿಲ್ಲ, ರಂಗೋಲಿ ಇಲ್ಲ ಅಂದ. ಹೌದೋ ಅಲ್ಲೋ?"

"ಅದು... ಅದಕ್ಕ ಬ್ಯಾರೆ ಕಾರಣ ಐತ್ರಿ..."

"ಬಾಯಿಮಾತ ಬ್ಯಾಡ್ರಿ. ನಾ ಮನಿ ನೋಡಾಕ ಬಂದಾಂವ, ನೋಡೇ ಹೋಗ್ತೇನಿ. ಅಂಗಳ ಸಾರಸಿ ರಂಗೋಲಿ ಹಾಕಿತ್ತಂದ್ರ ಬಂಡಿ ಇಳೀತೇನಿ. ಬರೇ ನೆಲ ಕಂಡ್ತಂದ್ರ ಬಂಡಿ ಹಂಗ ತಿರಗತೈತಿ. ಸಾವಿನ ಮನಿ ಹೊಸ್ತಿಲಾ ದಾಟಿ ಲಗ್ನದ ಮಾತ ಆಡಾಂವ ನಾನಲ್ಲ."

ಬಂಡಿ ತಿರುಗಿತು. ಗುದ್ಲೆಪ್ಪ ಬಂಡಿಯ ಹಿಂದೆ ನಡೆಯುತ್ತ ಬಂದ. ಮನೆ ಹತ್ತಿರವಾಯಿತು. ಬರಿಯ ಕಲ್ಲು! ಅವನೇ ಕಾವಲು ಕೂತು ಬರಿದಾಗಿ ಇಡಿಸಿದ ಕಲ್ಲು! ಇಷ್ಟು ವರ್ಷ ಹೆಂಡತಿ ತನ್ನ ಮಾತು ಕೇಳುವುದಿಲ್ಲವೆಂದು ಊರ ತುಂಬ ದೂರಿಕೊಂಡು ತಿರುಗಿದ ಗುದ್ಲೆಪ್ಪ, ಇವತ್ತೊಂದು ದಿನ ಆಕೆ ತನ್ನ ಮಾತು ಮೀರಿರಲಿ ಎಂದು ಮೈಲಾರಲಿಂಗನಿಗೆ ಹರಕೆ ಹೊತ್ತ.

ಮೈಲಾರಲಿಂಗ ಕಣ್ಣು ತೆರೆದಿದ್ದ. ಅಥವಾ ವೀರವ್ವ ಯಾವ ದೇವರಿಗೂ ಕಾಯದೆ ಕೆಲಸಕ್ಕೆ ಕೈಹಾಕಿದ್ದಳು. ಅಂಗಳದ ಈ ಅಂಚಿನಿಂದ ಆ ಅಂಚಿನವರೆಗೆ ದಪ್ಪಗೆ ಸಾರಿಸಿ, ನಡುವೆ ತೇರಿನ ಗಾಲಿಯಷ್ಟು ದೊಡ್ಡ ಕಮಲದ ರಂಗೋಲಿ ಎಳೆದಿದ್ದಳು. ಬಾಳೆಗಿಡಗಳು ಬಾಗಿಲಿನ ಎರಡೂ ಕಡೆ ನಿಂತಿದ್ದವು. ಭಜನೆಯವರು ಮಂಗಳಾರತಿಯ ಪದ ಹಿಡಿದಿದ್ದರು. ಕರೆವ್ವ ಮೆಟ್ಟಿಲ ಮೇಲೆ ಕುಳಿತು, ತಾನು ಬದುಕಿರುವುದು ದೂರದಿಂದಲೂ ಕಾಣುವ ಹಾಗೆ ಎಲೆ ಅಡಿಕೆ ಕುಟ್ಟುತ್ತಿದ್ದಳು.

"ಭೇಷ್!" ಎಂದು ಮಹಾಲಿಂಗಪ್ಪ ಬಂಡಿ ಇಳಿದ.

ಗುದ್ಲೆಪ್ಪನಿಗೆ ಜೀವ ಬಂತು. ಮರುಗಳಿಗೆಯಲ್ಲೇ ಹೋಯಿತು. ಅವನ ಕಲ್ಲುಗಳು! ಬಡಿದು, ಕೇಳಿ, ತೋಯಿಸಿ, ತುಳಿದು ತಂದ ಕಲ್ಲುಗಳಲ್ಲಿ ಒಂದರ ಮೂಲೆಯೂ ಕಾಣುತ್ತಿರಲಿಲ್ಲ. ಊರಿನ ಬೇರೆ ಯಾವುದೇ ಅಂಗಳದ ಹಾಗೆ ಅದೂ ಒಂದು ಅಂಗಳ.

ಒಳಗೆ ಜಮಖಾನೆ ಹಾಸಿ ಬೀಗರನ್ನು ಕೂಡಿಸಿದರು. ಅವಲಕ್ಕಿ ಬಂತು, ಉಂಡಿ ಬಂತು, ಚಹಾ ಬಂತು. ಪರಮೇಶಪ್ಪ ಕರೆಯದೆಯೇ ಬಂದು ಬೀಗರ ಪಕ್ಕದಲ್ಲಿ ಕುಳಿತು ಎರಡನೆಯ ಉಂಡಿಗೆ ಕೈ ಹಾಕಿದ. ಮಹಾಲಿಂಗಪ್ಪ ತಲೆಬಾಗಿಲಿನ ಎತ್ತರ ನೋಡಿದ, ಬಾವಿಯ ನೀರು ಕುಡಿದು ನೋಡಿದ. ಎರಡಕ್ಕೂ ತಲೆಯಾಡಿಸಿದ.

"ಎಲ್ಲಾ ಸರಿ ಐತ್ರಿ," ಎಂದ. "ಅಂಗಳ ಅಂತೂ ಭಾಳ ಅಚ್ಚುಕಟ್ಟ ಮನಿ ಅಂತ ಹೇಳತೈತಿ. ನೆಲ ಎಷ್ಟ ಗಟ್ಟಿ! ಬಂಡಿ ಇಳದು ಕಾಲಿಟ್ಟೆ, ಕಲ್ಲ ಮ್ಯಾಲ ಇಟ್ಟಂಗ ಆತು. ಎಂಥಾ ಮಣ್ಣರೀ ಇದು?"

ಗುದ್ಲೆಪ್ಪನ ಬಾಯಿ ತೆರೆಯಿತು. ಅಡಿಗೆಮನೆಯ ಬಾಗಿಲಿನಿಂದ ವೀರವ್ವ ಬೇಡ ಎಂದು ಕೈ ಆಡಿಸಿದಳು. ಅವನು ಬಾಯಿ ಮುಚ್ಚಿಕೊಂಡ.

"ನಮ್ಮೂರ ಮಣ್ಣ ಹಂಗ ಐತ್ರಿ," ಎಂದ ಪರಮೇಶಪ್ಪ ಉಂಡಿ ಅಗಿಯುತ್ತ. "ನಮ್ಮ ಅಂಗಳನೂ ಹಿಂಗ. ಅದರಾಗ ಗುದ್ಲೆಪ್ಪನದೇನ ಇಲ್ಲ."

ಇದನ್ನು ಮಾತ್ರ ತಡೆಯಲು ಆಗಲಿಲ್ಲ. ಸತ್ತ ಮನೆ ಅಂದರು, ತಡೆದುಕೊಂಡ. ಮೂಳ ಅಂದರು, ತಡೆದುಕೊಂಡ. ಚಿಕ್ಕೇರೂರ ಗುಡ್ಡದ ಕಲ್ಲಿಗೆ ತಿಳವಳ್ಳಿಯ ಮಣ್ಣು ಎಂದರೆ? ಗುದ್ಲೆಪ್ಪ ಎದ್ದವನೇ ನೀರಿನ ಕೊಡ ಎತ್ತಿಕೊಂಡು ಹೊರಗೆ ಬಂದು ರಂಗೋಲಿ ಬಿಟ್ಟು ಒಂದು ಮೂಲೆಗೆ ಕೊಡದ ನೀರನ್ನೆಲ್ಲ ಸುರಿದ.

"ಮಣ್ಣಲ್ರಿ! ಮಣ್ಣಲ್ಲ! ನೋಡ್ರಿ ಇಲ್ಲೆ!"

ಸಗಣಿ ಹರಿದು ಓಣಿಯ ಕಡೆಗೆ ಇಳಿಯಿತು, ಓರೆ ಅಷ್ಟು ಸರಿಯಾಗಿತ್ತು. ಅಡಿಯಿಂದ ತೊಯ್ದ ಕಲ್ಲು ಎದ್ದು ಬಂತು. ಬಿಸಿಲು ಬಿದ್ದು ಬೂದಿ ಬಣ್ಣದೊಳಗಿಂದ ನೀಲಿ ಹೊಳೆಯಿತು. ವೀರವ್ವ ತಲೆಯ ಮೇಲೆ ಕೈ ಇಟ್ಟುಕೊಂಡಳು. ಮಹಾಲಿಂಗಪ್ಪ ಮೆಟ್ಟಿಲಿಳಿದು ಬಂದ. ಆಮೇಲೆ ಬಗ್ಗಿ ಬೆಳ್ಳಿಯ ಉಂಗುರದಿಂದ ಕಲ್ಲನ್ನು ಬಡಿದ. ಠಣ್.

"ಇದನ್ನ ಆರಿಸಿದವರು ಯಾರು?"

"ನಾನ್ರಿ," ಎಂದ ಗುದ್ಲೆಪ್ಪ.

"ಕರಿಕಲ್ಲ ಯಾಕ ಬಿಟ್ರಿ?"

"ಬಿಸಿಲಿಗೆ ಸುಡತೈತ್ರಿ. ಮನಿಗೆ ಬಂದವರು ಕುಣಕೋತ ಒಳಗ ಬರಬಾರದಲ್ರಿ."

"ನುಣ್ಣಗ ಯಾಕ ಮಾಡಿಸಲಿಲ್ಲ?"

"ನುಣ್ಣನ ಕಲ್ಲ ಮ್ಯಾಲ ಬಿದ್ದು ನೋಡೇನ್ರಿ," ಎಂದು ಗುದ್ಲೆಪ್ಪ ಸೊಂಟ ಮುಟ್ಟಿ ತೋರಿಸಿದ.

ಮಹಾಲಿಂಗಪ್ಪ ಎದ್ದು ನಿಂತು ಅವನ ಎರಡೂ ಕೈ ಹಿಡಿದುಕೊಂಡ. "ಕದಂಬೇಶ್ವರನ ಗುಡಿ ನೆರಳಿನ್ಯಾಗ ಬೆಳದಾಂವ ನಾನು. ಕಲ್ಲ ಅಂದ್ರ ಏನು ಅಂತ ನಮ್ಮೂರ ಕೂಸಿಗೂ ಗೊತ್ತೈತಿ. ಕಲ್ಲ ಆರಸೂದರಾಗ ಇಷ್ಟ ಕಾಳಜಿ ಮಾಡಿದ ಮನುಷ್ಯಾ ಮಗಳನ್ನ ಹೆಂಗ ಬೆಳಸಿರಬೇಕು! ಸಕ್ಕರಿ ತರ್ರಿ. ಲಗ್ನ ನಿಶ್ಚಯ ಆತು. ಈ ತಿಂಗಳದಾಗ ಮುಗಿಸಿಬಿಡೋಣು."

ತಾಳದವರು ಮತ್ತೆ ತಾಳ ಎತ್ತಿದರು. ಫಕ್ಕೀರವ್ವ ಈ ಸಲ ಸೋಬಾನೆ ಹಿಡಿದಳು, ಅದೂ ಅಷ್ಟೇ ಚಂದ ಹಾಡಿದಳು. ವೀರವ್ವ ಕಣ್ಣೊರೆಸಿಕೊಳ್ಳುತ್ತ ಸಕ್ಕರೆ ಹಂಚಿದಳು. ಪರಮೇಶಪ್ಪ ಮತ್ತೊಮ್ಮೆ ಕಲ್ಲು ನೋಡಿ ಸಕ್ಕರೆ ಬಾಯಿಗೆ ಹಾಕಿಕೊಂಡ. ಗುದ್ಲೆಪ್ಪ ತನ್ನ ಕಲ್ಲಿನ ಮೇಲೆ ಎದೆ ಸೆಟೆಸಿ ನಿಂತಿದ್ದ. ಮಾಮಲೇದಾರನೇ ಆ ಹೊತ್ತಿಗೆ ಎದುರಿಗೆ ಬಂದಿದ್ದರೂ ಅವನೇ ಮೊದಲು ನಮಸ್ಕಾರ ಮಾಡಲಿ ಎಂದು ಕಾಯುತ್ತಿದ್ದನೇನೋ.

"ಎಲ್ಲಾ ಖರೆ," ಎಂದಳು ಕರೆವ್ವ ಮೆಟ್ಟಿಲ ಮೇಲಿಂದ. "ಲಗ್ನದ ಹಂದರಕ್ಕ ಹಾಲಗಂಬ ಎಲ್ಲಿ ನಡ್ತೀರಿ?"

ಸೋಬಾನೆ ನಿಂತಿತು.

"ಹುಡುಗಿ ಲಗ್ನ ಹುಡುಗಿ ಅಂಗಳದಾಗ. ಹಾಲಗಂಬ ನೆಲಕ್ಕ ನಡಬೇಕು, ಕಲ್ಲಿನ ಮ್ಯಾಲ ನಿಂದ್ರತೈತೇನು? ಅದೊಂದ ಅಲ್ಲ. ಹಂದರಕ್ಕ ಸುತ್ತಲೂ ಕಂಬ. ಮೂಡಣ ಕಡೆ ಮದಿಮಕ್ಕಳಿಗೆ ಸುರಗಿ ನೀರ ಎರಿಯಾಕ ಜಾಗಾ. ಈ ಕಡೆ ಅಡಗಿಗೆ ಒಲಿ ತೋಡಬೇಕು. ನೆಲ ಎಲ್ಲೈತಿ?"

"ನಮ್ಮ ಅಂಗಳದಾಗ ಹಂದರ ಹಾಕ್ರಿ. ಎಲ್ಲಾ ವ್ಯವಸ್ಥಾ ನಾ ಮಾಡ್ತೇನಿ," ಎಂದ ಪರಮೇಶಪ್ಪ ಉತ್ಸಾಹದಿಂದ.

"ಛೇ!" ಎಂದ ಮಹಾಲಿಂಗಪ್ಪ. "ನನ್ನ ಮಗ ಮತ್ತೊಬ್ಬರ ಹಂದರದಾಗ ಅಕ್ಕಿಕಾಳ ಹಾಕಿಸಿಕೊಳ್ಳಾಕ ಅನಾಥ ಏನ್ರಿ?"

ಗುದ್ಲೆಪ್ಪ ಅಂಗಳದ ತುಂಬ ಕಣ್ಣಾಡಿಸಿದ. ತಾಯಿ ಹೇಳಿದ್ದನ್ನೆಲ್ಲ ಕೂಡಿಸಿದರೆ ಉಳಿಯುವ ಕಲ್ಲು ಒಂದೂ ಇಲ್ಲ. ನಿನ್ನೆ ಸಂಜೆ ಕುಳಿತ ಕಲ್ಲು ನಾಳೆ ಬೆಳಿಗ್ಗೆ ಏಳಬೇಕು. ಅವನಿಗೆ ಅಳು ಬಂತು. ಆದರೆ ಮಗಳ ಲಗ್ನ ಗೊತ್ತಾದ ದಿನ ತಂದೆ ಕಲ್ಲಿಗಾಗಿ ಅತ್ತ ಎಂದರೆ ಫಕ್ಕೀರವ್ವ ಅದಕ್ಕೂ ಒಂದು ಹಾಡು ಕಟ್ಟುತ್ತಾಳೆ. ನುಂಗಿಕೊಂಡ.

"ಏಳಸೋಣು," ಎಂದ ಸಣ್ಣ ದನಿಯಲ್ಲಿ. "ಲಗ್ನ ಆದ ಮ್ಯಾಲ ಮತ್ತ ಹಾಸಿದ್ರಾತು."

"ಮತ್ತ ಯಾಕ ಇಲ್ಲೆ ಹಾಸ್ತೀರಿ?" ಎಂದ ಮಹಾಲಿಂಗಪ್ಪ ಪ್ರೀತಿಯಿಂದ ಅವನ ಬೆನ್ನ ಮೇಲೆ ಕೈಯಿಟ್ಟು. "ಹೆಂಗೂ ಏಳತಾವು. ಬಂಡಿಗೆ ಹೇರಿ ನಮ್ಮನಿಗೆ ಕಳಸ್ರಿ. ನಮ್ಮ ಅಂಗಳ ನೋಡಿದ್ರ ನನಗ ನಾಚಿಕಿ ಬರತೈತಿ, ಮಳಿ ಬಂದ್ರ ಮೊಣಕಾಲ ಮಟ ರಾಡಿ. ನಿಮ್ಮ ಮಗಳು ತವರಿನ ಕಲ್ಲ ಮ್ಯಾಲ ಓಡಾಡಿಕೋತ ಇರ್ತಾಳ. ತವರ ಮನಿ ನೆನಪಿಗೆ ಇದಕ್ಕಿಂತ ಚಂದ ಬಳುವಳಿ ಯಾವುದೈತಿ?"

"ಹೂಂ ಅನ್ರಿ!" ಎಂದಳು ವೀರವ್ವ ಒಳಗಿಂದ. ಇಡೀ ದಿನದಲ್ಲಿ ಅವಳ ದನಿ ಇಷ್ಟು ಖುಷಿಯಾಗಿ ಕೇಳಿದ್ದು ಇದೇ ಮೊದಲು.

ಬೀಗರು ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲವೆನ್ನುವುದುಂಟೇ? ಗುದ್ಲೆಪ್ಪ ಹೂಂ ಎಂದ. ಆ ಹೂಂ ಬಹಳ ಆಳದಿಂದ ಬಂತು.

ಮಹಾಲಿಂಗಪ್ಪ ಬಂಡಿ ಹತ್ತಿದ. ಹತ್ತಿದವನು ಮತ್ತೆ ಅಂಗಳ ನೋಡಿ ಮುಖ ಚಿಕ್ಕದು ಮಾಡಿದ. "ಒಂದ ತೊಡಕ ಐತಿ ನೋಡ್ರಿ. ನಮ್ಮ ಅಂಗಳ ಇದಕ್ಕಿಂತ ಎರಡರಷ್ಟ ಐತಿ. ಈ ಕಲ್ಲ ಅರ್ಧಕ್ಕ ಬರತಾವು. ಉಳಿದ ಅರ್ಧಕ್ಕ ಇಂಥಾ ಕಲ್ಲ ತರಸೋಣಂದ್ರ, ಆರಸಾಕ ಬರೂವಂಥಾ ಮನುಷ್ಯಾ ಬೇಕಲ್ಲ? ನಮ್ಮ ಕಡೆ ಗೌಂಡಿಗಳು ಡಬ್ ಅನ್ನೂದಕ್ಕೂ ಠಣ್ ಅಂತಾರ. ಈ ಸೀಮಿಯೊಳಗ ನಿಮ್ಮಂಥಾ ಕಲ್ಲ ಬಲ್ಲ ಪಾರಖಿ ಮತ್ತೊಬ್ಬರು ಎಲ್ಲಿ ಸಿಗಬೇಕು? ಹೋಗಲಿ ಬಿಡ್ರಿ, ಯಾರಿಗರ ಹೇಳಿ..."

"ಯಾರಿಗರ?" ಗುದ್ಲೆಪ್ಪನ ಬೆನ್ನು ನೆಟ್ಟಗಾಯಿತು. ಬೆಳಗಿನಿಂದ ಸತ್ತು ಬದುಕಿ ಸತ್ತಿದ್ದ ಜೀವ ಮತ್ತೆ ಎದ್ದು ಕುಳಿತಿತು. "ಕಂಡ ಕಂಡವರ ಕೈಯಾಗ ಕೊಟ್ಟು ನನ್ನ ಕಲ್ಲಿನ ಜೋಡಿ ಹಾಳಗಲ್ಲ ಕೂಡಸ್ತೀರೇನ್ರಿ? ನಾ ಇರೂತನಕ ಆ ಮಾತ ತಗೀಬ್ಯಾಡ್ರಿ ಬೀಗರ. ಆರಸೂದೂ ನಂದು, ಹೇರಿ ಕಳಸೂದೂ ನಂದು, ನಿಂತು ಹಾಸಿಸೂದೂ ನಂದು!"

"ನಿಮ್ಮ ಮಾತಿಗೆ ಹೆಂಗ ಬ್ಯಾಡ ಅನ್ಲಿ," ಎಂದು ಮಹಾಲಿಂಗಪ್ಪ ಕೈ ಮುಗಿದ. ಎತ್ತುಗಳು ಹೊರಟವು.

ಬಂಡಿಯ ಧೂಳು ಅಡಗುವ ಮೊದಲೇ ಗುದ್ಲೆಪ್ಪ ರುಮಾಲು ಸುತ್ತಿಕೊಂಡು ಮೆಟ್ಟು ಮೆಟ್ಟಿದ. ಕುತುಬುದ್ದೀನನನ್ನು ಹಿಡಿಯಬೇಕು. ಎಬ್ಬಿಸುವಾಗ ಒಂದು ಕಲ್ಲಿನ ಮೂಲೆಯೂ ಮುಕ್ಕಾಗಬಾರದು. ಖಣಿಯಲ್ಲಿ ಅದೇ ಬಣ್ಣದ ಪದರು ಮುಗಿಯುವ ಮೊದಲು ಕೈ ಇಡಬೇಕು. ವೀರವ್ವ ಊಟಕ್ಕೆ ಕರೆದದ್ದು ಅವನ ಕಿವಿಗೆ ಬೀಳಲಿಲ್ಲ.

"ಎಲ್ಲಿಗೆ ಹೊಂಟ್ಯೋ ಗುದ್ಲೆಪ್ಪಾ, ಇಷ್ಟ ಬಿಸಿಲಾಗ?" ಎಂದ ಪರಮೇಶಪ್ಪ.

"ರಟ್ಟೀಹಳ್ಳಿ ಬೀಗರ ಅಂಗಳಕ್ಕ ಕಲ್ಲ ಆರಸಾಕ," ಎಂದ ಗುದ್ಲೆಪ್ಪ. ನಾಲ್ಕು ಹೆಜ್ಜೆ ಹೋದವನು ನಿಂತ. ಓಣಿಯ ಕೊನೆಯ ಮನೆಯವರು ಕೇಳಿಸಿಕೊಂಡರೋ ಇಲ್ಲವೋ ಎಂದು ಸಂಶಯ ಬಂದು, ತಿರುಗಿ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ.